ಅಳತೆಗೆ ಹೊಲಿಸಿದ ಸೈಕಲ್ಲು

ಸೊಪ್ಪು ತರುವುದಕ್ಕೂ, ಆಫೀಸಿಗೂ, ಭಾನುವಾರದ ನಂದಿಬೆಟ್ಟಕ್ಕೂ ಒಂದೇ ಉಕ್ಕಿನ ಸೈಕಲ್ಲು ಸಾಕು, ಅದನ್ನೂ ನನ್ನ ಮೈಯಳತೆಗೇ ಮಾಡಿಸುತ್ತೇನೆ ಎಂದು ಹೊರಟೆ. ಮೊದಲು ಕಾಲಿನ ಒಳ ಅಳತೆ. ಗೋಡೆಗೊರಗಿ, ತೊಡೆಸಂದಿಗೆ ದಪ್ಪ ಪುಸ್ತಕ ಒತ್ತಿ ನಿಲ್ಲಬೇಕಂತೆ. ನಿಂತಿದ್ದಾಗಲೇ ಅತ್ತೆಯವರು ಒಳಗೆ ಬಂದರು. ಇಬ್ಬರೂ ಆ ವಿಷಯ ಮತ್ತೆ ಎತ್ತಿಲ್ಲ.

ಫ್ರೇಮಿನ ಕೊಳವೆ ಕ್ರೋಮೊಲಿ ಉಕ್ಕಿನದು ಎಂಬುದಷ್ಟೇ ಸಲೀಸಾಗಿ ತೀರ್ಮಾನವಾಯಿತು. ಚಕ್ರದಲ್ಲಿ ಸಿಕ್ಕಿಬಿದ್ದೆ. ಅಪ್ಪನ ಕಾಲದ ಕರೀ ಸೈಕಲ್ಲಿನ 28 ಇಂಚಿನ ರಿಮ್ಮು, ಟೈರು ಕೂರುವಲ್ಲಿ 635 ಮಿಲಿಮೀಟರು. ಬೆಟ್ಟ ಹತ್ತುವ ಹೊಸಬರ 29 ಇಂಚಿನದು 622! ಮೇಷ್ಟರು ಕಲಿಸಿದ ಗಣಿತಕ್ಕೆ ಇಲ್ಲಿ ಮೂರು ಕಾಸಿನ ಬೆಲೆಯಿಲ್ಲ. 700ಸಿ ಎಂದರೂ ಅದೇ 622. 26 ಇಂಚಿನಲ್ಲಂತೂ ಒಂದಕ್ಕೊಂದು ಹೊಂದದ ದಾಯಾದಿಗಳೇ ಹಲವರಿದ್ದಾರೆ.

ಡಿಸ್ಕ್ ಬ್ರೇಕೋ ರಿಮ್ ಬ್ರೇಕೋ ಈಗಲೇ ಹೇಳಿ, ಬೆಸುಗೆ ಹಾಕಿ ಬಣ್ಣ ಬಳಿದ ಮೇಲೆ ಬಾಯಿ ಬಿಡಬೇಡಿ ಎಂದ ಫ್ರೇಮು ಕಟ್ಟುವವನು. ಹಬ್ಬಿನೊಳಗೇ 14 ಗೇರು ಅಡಗಿಸಿಟ್ಟ ಜರ್ಮನಿಯ ರೋಲಾಫ್ ಮೇಲೆ ಮನಸ್ಸಾಗಿತ್ತು. ಬೆಲೆ ಕೇಳಿದೆ. ಆ ದುಡ್ಡಿಗೆ ನಮ್ಮ ಬೀದಿಯಲ್ಲಿ ಹಳೇ ಸ್ಕೂಟರು ಬರುತ್ತದೆ, ಸ್ಟೆಪ್ನಿ ಸಮೇತ.

ಇಷ್ಟೆಲ್ಲ ಪುರಾಣ ಕೇಳಿದ ಹೆಂಡತಿಯದು ಒಂದೇ ಪ್ರಶ್ನೆ: “ಸ್ಟ್ಯಾಂಡ್ ಇದೆಯಾ?” ಕಟ್ಟುವವನನ್ನು ಕೇಳಿದರೆ, ತೆಳು ಕೊಳವೆಗೆ ಸ್ಟ್ಯಾಂಡು ಬಿಗಿದರೆ ನಜ್ಜುಗುಜ್ಜಾದೀತು, ಬೇರೆ ತಗಡು ಬೆಸೆಯಬೇಕು, ತೂಕ ಹೆಚ್ಚುತ್ತದೆ ಎಂದು ಮುಖ ಹಿಂಡಿದ. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, “ಹಾಕೋಣ ಬಿಡಿ ಸಾರ್” ಎಂದ.