ಶೇಕಡಾವಾರು ಮೇಷ್ಟ್ರು

ಇವರನ್ನು ನೀವು ಎಲ್ಲೋ ನೋಡಿಯೇ ಇರುತ್ತೀರಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಚ್‌ಎಂ. ಅಂಗಿ ಜೇಬಿನಲ್ಲಿ ಮೂರು ಪೆನ್ನು: ಹಾಜರಿಗೆ ನೀಲಿ, ತಿದ್ದೋದಕ್ಕೆ ಕೆಂಪು, ಒಎಂಆರ್ ಹಾಳೆಗೆಂದೇ ಮೀಸಲಿಟ್ಟ ಕಪ್ಪು. ಆ ಕಪ್ಪು ಪೆನ್ನನ್ನು ಸಹೋದ್ಯೋಗಿಗಳಿಗೂ ಮುಟ್ಟಿಸುವುದಿಲ್ಲ. ಎದುರಿಗೆ ಎಲ್ಲರೂ ‘ಎಚ್‌ಎಂ ಸಾರ್’ ಅನ್ನುತ್ತಾರೆ, ಬೆನ್ನ ಹಿಂದೆ ‘ಶೇಕಡಾವಾರು ಮೇಷ್ಟ್ರು’. “ನಮ್ಮ ಹುಡುಗಿ ಹೆಂಗೆ ಓದ್ತಾಳೆ ಸಾ?” ಎಂದು ಯಾರಾದರೂ ಕೇಳಿದರೆ, “ಭಾಷೇಲಿ ಎಪ್ಪತ್ತೆರಡು ಇದಾಳೆ, ಗಣಿತ ಐವತ್ತೆಂಟಕ್ಕೆ ಇಳಿದಿದೆ, ನೋಡ್ಕೋಬೇಕು” ಎನ್ನುತ್ತಾರೆ. ಮಗಳ ವಿಷಯವೋ ಡೇರಿಗೆ ಹಾಕಿದ ಹಾಲಿನ ಫ್ಯಾಟೋ ತಿಳಿಯದೆ ಅಪ್ಪ ತಲೆಯಾಡಿಸಿ ಹೊರಡುತ್ತಾನೆ.

ಹುಟ್ಟಿನಿಂದ ಹೀಗಿದ್ದವರಲ್ಲ. ಒಂದು ಕಾಲಕ್ಕೆ ಕಬ್ಬಿನ ಜಲ್ಲೆ ತಂದು, ಗೆಣ್ಣು ಗೆಣ್ಣಿಗೆ ಕತ್ತರಿಸಿ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಮೂರನೇ ಎರಡು ಭಾಗ ಎಷ್ಟೆಂದು ಸರಿಯಾಗಿ ತೋರಿಸಿದವನಿಗೆ ಆ ಭಾಗ ತಿನ್ನುವ ಹಕ್ಕು. ತಪ್ಪು ಹೇಳಿದವನಿಗೆ ಸೋಗೆ. ಅವತ್ತು ಓದಿದವರು ಇವತ್ತಿಗೂ ಜಮೀನು ಪಾಲು ಮಾಡುವಾಗ ಮೊಬೈಲ್ ಹೊರಗೆ ತೆಗೆಯುವುದಿಲ್ಲ. ಆಮೇಲೆ ಒಂದೊಂದಾಗಿ ಬಂದವು. ಜೂನ್‌ನಲ್ಲಿ ಸೇತುಬಂಧದ ಪೂರ್ವ ಪರೀಕ್ಷೆ, ಅದರ ಬೆನ್ನಿಗೆ ಸಾಫಲ್ಯ ಪರೀಕ್ಷೆ, ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ, ಎಲ್ಲವನ್ನೂ ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ಗೆ ಏರಿಸುವುದು, ಸರ್ವರ್ ಡೌನ್ ಆದರೆ ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಏರಿಸುವುದು. ಹೀಗೆ ಮೇಷ್ಟ್ರ ಕೈಯಿಂದ ಕಬ್ಬು ಜಾರಿ ಎಕ್ಸೆಲ್ ಶೀಟ್ ಬಂದು ಕೂತಿತು.

ಇವರ ಪ್ರತಿಭೆ ಪೂರ್ತಿ ಅರಳಿದ್ದು 2021ರಲ್ಲಿ. ಆ ವರ್ಷ ನವೆಂಬರ್ 12ಕ್ಕೆ ದೇಶದಾದ್ಯಂತ ರಾಷ್ಟ್ರೀಯ ಸಾಧನಾ ಸಮೀಕ್ಷೆ. ಪ್ರಾಥಮಿಕದಲ್ಲಿ ಮೂರು ಮತ್ತು ಐದನೇ ತರಗತಿಗೆ. ಇವರ ಶಾಲೆ ಸ್ಯಾಂಪಲ್‌ನಲ್ಲಿ ಬಿತ್ತು. ತಮಾಷೆ ಏನೆಂದರೆ, ಕೋವಿಡ್‌ಗೆ ಮುಚ್ಚಿದ್ದ ಒಂದರಿಂದ ಐದನೇ ತರಗತಿಗಳು ನಮ್ಮಲ್ಲಿ ತೆರೆದದ್ದೇ ಅಕ್ಟೋಬರ್ 25ಕ್ಕೆ. ಅಂದರೆ ಮೂರನೇ ತರಗತಿಯ ಮಕ್ಕಳು ಶಾಲೆ ಅಂತ ಕಂಡಿದ್ದು ಒಂದನೇ ತರಗತಿಯಲ್ಲಿ, ನಡುವೆ ವಿದ್ಯಾಗಮದ ಹೆಸರಲ್ಲಿ ಅರಳಿಕಟ್ಟೆ ಮೇಲೆ ಒಂದಿಷ್ಟು ಪಾಠ. ಬಾಗಿಲು ತೆರೆದು ಮೂರು ವಾರ ತುಂಬುವ ಮೊದಲೇ ಸಮೀಕ್ಷೆ. ಅದರಲ್ಲೂ ರಾಜ್ಯೋತ್ಸವ, ದೀಪಾವಳಿ ರಜೆ ಕಳೆಯಬೇಕು. ಅಕ್ಷರ ಮರೆತು ಬಂದ ಮಕ್ಕಳನ್ನು ನೋಡಿ ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ಇವರು ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಆಳೆತ್ತರದ ಒಎಂಆರ್ ಬರೆದರು!

ಸಾಲಿಗೆ ನಾಲ್ಕು ವೃತ್ತ. ಒಬ್ಬೊಬ್ಬರೇ ಹೋಗಿ ಸರಿ ಉತ್ತರದ ವೃತ್ತದೊಳಗೆ ನಿಲ್ಲಬೇಕು, ಕಾಲು ಗೆರೆ ಮುಟ್ಟಬಾರದು. “ಎರಡು ವೃತ್ತದಲ್ಲಿ ಒಂದೊಂದು ಕಾಲಿಟ್ರೆ ಆ ಪ್ರಶ್ನೆ ಸತ್ತೋಯ್ತು, ತಿಳೀತಾ?” ಮಕ್ಕಳಿಗೆ ಕುಂಟೆಬಿಲ್ಲೆ ಆಡಿದಷ್ಟೇ ಖುಷಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯ ಕೋಣೆ ಅವರದು. ಯಾವ ಮಗುವಾದರೂ ತನ್ನ ಪಾಡಿಗೆ, ತನ್ನ ವೇಗಕ್ಕೆ ಕಾರ್ಡು ಹಿಡಿದು ಏಣಿ ಹತ್ತಲಿ, ಪರೀಕ್ಷೆಯ ಭಯ ಬೇಡ ಎಂದು ಕಟ್ಟಿದ ಪದ್ಧತಿ. ಆ ಕೋಣೆಯ ಚಪ್ಪರಕ್ಕೆ ನೂಲಲ್ಲಿ ಕಟ್ಟಿದ್ದ ಕಾಗದದ ಗಿಳಿ, ಮೀನುಗಳ ಪಕ್ಕದಲ್ಲೇ ಈಗ ಕಪ್ಪು ತುಂಬಿದ ವೃತ್ತಗಳೂ ತೂಗಾಡತೊಡಗಿದವು.

ಸಮೀಕ್ಷೆಯ ದಿನ ಡಿ.ಎಡ್. ಓದುತ್ತಿದ್ದ ಒಬ್ಬ ಹುಡುಗಿ ಕ್ಷೇತ್ರ ಪರಿಶೀಲಕಿಯಾಗಿ ಬಂದಳು. ಮಕ್ಕಳಿಗೆ ಪ್ರಶ್ನೆಪುಸ್ತಿಕೆ ಹಂಚಿದಳು. ಮೂರನೆಯವರು ಪುಸ್ತಿಕೆಯಲ್ಲೇ ಗುರುತು ಹಾಕಿದರೆ ಸಾಕು, ಒಎಂಆರ್ ತುಂಬುವುದು ನನ್ನ ಕೆಲಸ ಅಂದಳು. ಮೇಷ್ಟ್ರು ಕಿಟಕಿಯಾಚೆ ನಿಂತು ಆ ಹುಡುಗಿ ಒಂದೊಂದೇ ವೃತ್ತ ತುಂಬುವುದನ್ನು ನೋಡಿದರು. ಕೊನೆಗೆ ತಡೆಯಲಾರದೆ ಒಳಗೆ ಕೈಚಾಚಿ, ತಮ್ಮ ಕಪ್ಪು ಪೆನ್ನನ್ನಾದರೂ ಬಳಸಬೇಕೆಂದು ವಿನಂತಿಸಿಕೊಂಡರು. ಅವಳ ಹತ್ತಿರ ಅವಳದೇ ಪೆನ್ನಿತ್ತು.

ಈ ಸಮೀಕ್ಷೆ ಶಾಲೆಗೆ ಅಂಕ ಕೊಡುವುದೇ ಇಲ್ಲ. ಆರಿಸಿದ ಕೆಲವು ಶಾಲೆಗಳ ಕೆಲವು ಮಕ್ಕಳನ್ನು ನೋಡಿ, ಜಿಲ್ಲೆ ಹೇಗಿದೆ, ರಾಜ್ಯ ಹೇಗಿದೆ ಎಂದು ಹೇಳುವುದು ಅದರ ಕೆಲಸ. ಇದನ್ನು ಮೇಷ್ಟ್ರಿಗೆ ಹೇಳಿ ಪ್ರಯೋಜನವಿಲ್ಲ. ವರದಿ ಬಂದ ದಿನ ಕನ್ನಡಕ ಏರಿಸಿ ಕೂತರು. ಮೂರನೇ ತರಗತಿಯ ಗಣಿತ, ದೇಶದ ಸರಾಸರಿ 500ಕ್ಕೆ 306 ಎಂದಿತ್ತು. ಅದು ಮಕ್ಕಳು ಪಡೆದ ಮಾರ್ಕ್ಸಲ್ಲ, ಅಳತೆಗೆ ಹೊಂದಿಸಿಕೊಂಡ ಅಂಕ. ಮೇಷ್ಟ್ರು ಅಲ್ಲೇ ಭಾಗಿಸಿದರು: “ಅರವತ್ತೊಂದು ಪಾಯಿಂಟ್ ಎರಡು! ದೇಶ ಫಸ್ಟ್ ಕ್ಲಾಸಲ್ಲಿದೆ ಕಣ್ರೀ, ಸುಮ್ನೆ ಬೈತಾರೆ.”

ಆ ವರ್ಷದ ತಯಾರಿ ಬೇರೆ ದಾರಿಯಲ್ಲಿ ಫಲ ಕೊಟ್ಟಿತು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಶಾಲೆಗೆ ಭೇಟಿ ಕೊಟ್ಟಾಗ ಮುಂದಿನ ಸಾಲಿನ ಹುಡುಗನನ್ನು ಎಬ್ಬಿಸಿ, “ನಿಮ್ಮೂರ ಜಾತ್ರೆ ಯಾವ ತಿಂಗಳಲ್ಲಪ್ಪ?” ಅಂದರು. ಹುಡುಗ ಕೈಕಟ್ಟಿ ನಿಂತು, “ಆಪ್ಷನ್ ಹೇಳಿ ಸಾ” ಅಂದ. ಸಿಆರ್‌ಪಿ ನಗು ತಡೆದುಕೊಂಡು ನಾಲ್ಕು ತಿಂಗಳ ಹೆಸರು ಹೇಳಿದರು. “ಮೂರನೇದು” ಅಂದ. ಜಾತ್ರೆ ನಡೆಯುವ ತಿಂಗಳು ಆ ನಾಲ್ಕರಲ್ಲಿ ಇರಲೇ ಇಲ್ಲ. ಗೊತ್ತಿಲ್ಲದಿದ್ದರೆ ಮೂರನೆಯದಕ್ಕೆ ಹಾಕು ಎಂಬುದು ಮೇಷ್ಟ್ರ ಸಂಶೋಧನೆ. ಹಳೆ ಪ್ರಶ್ನೆಪತ್ರಿಕೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಎಣಿಸಿದ್ದಾರಂತೆ.

2024ರಲ್ಲಿ ಐದನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂದಾಗ ಮೇಷ್ಟ್ರಿಗೆ ಹೋದ ಪ್ರಾಯ ಬಂದಂತಾಯಿತು. ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಪರೀಕ್ಷೆಯೇ ಅರ್ಧಕ್ಕೆ ನಿಂತು ಮತ್ತೆ ನಡೆಯಿತು. ಮೇಷ್ಟ್ರು ಮಾತ್ರ ನಿಲ್ಲಲಿಲ್ಲ, ‘ಶೇ. 100’ ಎಂದು ದಪ್ಪಕ್ಷರದ ಫ್ಲೆಕ್ಸ್‌ಗೆ ಮುಂಗಡ ಕೊಟ್ಟೇ ಬಿಟ್ಟಿದ್ದರು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ಗೇಟಿಗೆ ಕಟ್ಟಿದ ಫ್ಲೆಕ್ಸನ್ನು ತೆಗೆಯೋಣ ಸಾರ್ ಎಂದ ಸಹಶಿಕ್ಷಕಿಗೆ, “ತಡೆ ಬಂದಿರೋದು ಫಲಿತಾಂಶಕ್ಕೆ ಮೇಡಂ, ಫ್ಲೆಕ್ಸಿಗಲ್ಲ” ಅಂದರು. ಬಿಇಒ ಕಚೇರಿಯಿಂದ ಫೋನ್ ಬರುವವರೆಗೂ ಅದು ಗೇಟಿನಲ್ಲೇ ಇತ್ತು.

ಈಗ ಮೇಷ್ಟ್ರಿಗೆ ನಿವೃತ್ತಿ ಹತ್ತಿರ. ಮೊನ್ನೆ ಸಿಕ್ಕಾಗ ಪಿಂಚಣಿ ಕಾಗದ ಬಿಚ್ಚಿ ಮುಂದೆ ಹಿಡಿದರು. ಕೊನೆಯ ಮೂಲವೇತನದ ಅರ್ಧ. ಕೆಂಪು ಪೆನ್ನಿನಲ್ಲಿ ಅದರ ಸುತ್ತ ಸುನ್ನೆ ಹಾಕಿದ್ದರು.

“ಇಷ್ಟು ವರ್ಷ ದುಡಿದಿದ್ದಕ್ಕೆ ಐವತ್ತು ಪರ್ಸೆಂಟು ಕಣ್ರೀ. ಸೆಕೆಂಡ್ ಕ್ಲಾಸು! ರೀವ್ಯಾಲ್ಯುಯೇಷನ್‌ಗೆ ಅರ್ಜಿ ಹಾಕೋಕೆ ಬರುತ್ತಾ, ವಿಚಾರಿಸಿ ಹೇಳಿ.”