ಪಟ್ಟದ ಗೊಂಬೆ ಪಕ್ಕದಲ್ಲಿ ಡೀಸೆಲ್ ಎಂಜಿನ್

ನವರಾತ್ರಿಗೆ ಗೊಂಬೆ ಕೂರಿಸುವಾಗ ನಮ್ಮ ಯಜಮಾನರು ಪಟ್ಟದ ಗೊಂಬೆಗಳ ಪಕ್ಕದಲ್ಲೇ ರೈಲು ಎಂಜಿನ್ ಇಟ್ಟರು. ಬ್ರಿಟಿಷ್ ರೈಲ್ವೆಯ ‘08’ ಶಂಟರಿನ ಮಾದರಿ. ಅಸಲಿನ 76ರಲ್ಲಿ ಒಂದು ಪಾಲು, ಗೇಣುದ್ದವೂ ಇಲ್ಲ. 1952ರಿಂದ 1962ರವರೆಗೆ ಇಂಥವು 996 ತಯಾರಾದವು. ಹಲವನ್ನು ಅಲ್ಲಿನ ರೈಲುಪ್ರಿಯರು ಇನ್ನೂ ಸಾಕುತ್ತಿದ್ದಾರೆ. ಮದುವೆಮನೆಯಲ್ಲಿ ಕುರ್ಚಿ ಜೋಡಿಸುತ್ತಲೇ ಊಟ ಮರೆಯುವ ಸೋದರಮಾವನಂತೆ, ಯಾರ್ಡಿನಲ್ಲಿ ಡಬ್ಬಿ ನೂಕುವುದೇ ಇದರ ಆಯುಷ್ಯ.

“ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಮಹಾರಾಣಿಯ ಸಲೂನ್ ಇದೆಯಲ್ಲ, ಅದರ ಮಾದರಿ ಇಡಬಾರದಿತ್ತೇ?” ಎಂದೆ.

“ಮಹಾರಾಣಿ ಬಂದರೂ ಡಬ್ಬಿ ತಳ್ಳೋದಕ್ಕೆ ಒಬ್ಬ ಬೇಕಲ್ಲೇ!”

ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಕೇಳಿದರು: “ಇದು ಯಾವ ದೇವರ ವಾಹನವಮ್ಮಾ?”

ಉತ್ತರಕ್ಕೆ ಕಾಯಲಿಲ್ಲ. ಎಂಜಿನ್ನಿನ ಹಣೆಗೆ ಕುಂಕುಮ ಬಿದ್ದಾಗಿತ್ತು.