ಗಿಡುಗಗಳ ಹಾಜರಿ

ಏಪ್ರಿಲ್-ಮೇ ಬಂತೆಂದರೆ ಇಟಲಿಯ ಸಿಸಿಲಿಯಲ್ಲಿ, ಮೆಸ್ಸೀನಾ ಜಲಸಂಧಿಯ ಪಕ್ಕದ ಪೆಲೊರಿತಾನಿ ಬೆಟ್ಟಸಾಲಿನ ಮೇಲೆ ಒಂದಷ್ಟು ಮಂದಿ ಬೈನಾಕ್ಯುಲರ್ ಹಿಡಿದು, ಕತ್ತು ಹಿಂದಕ್ಕೆ ವಾಲಿಸಿ ಕೂತುಬಿಡುತ್ತಾರೆ. ಆಫ್ರಿಕದಿಂದ ಯುರೋಪಿಗೆ ಮರಳುವ ಜೇನುಗಿಡುಗಗಳ ಹಾಜರಿ ತೆಗೆದುಕೊಳ್ಳುವುದು ಇವರ ಕೆಲಸ.

ಕರೆದರೆ 'ಎಸ್ ಸಾರ್' ಅನ್ನುವ ಪೈಕಿಯಲ್ಲ ಇವು. ಬಿಸಿಗಾಳಿ ಮೇಲೇಳುವ ಕಡೆ ಗುಂಪುಗೂಡಿ ಗಿರಕಿ ಹೊಡೆಯುವಾಗ ಲೆಕ್ಕಕ್ಕಿಳಿದರೆ ಎಣಿಸಿದ್ದನ್ನೇ ಎಣಿಸಬೇಕಾದೀತು. ಪಳಗಿದವರು ತೆಪ್ಪಗಿರುತ್ತಾರೆ, ಹಕ್ಕಿಗಳು ಎತ್ತರಕ್ಕೇರಿ, ರೆಕ್ಕೆ ಬಿಗಿಹಿಡಿದು ಸಾಲಾಗಿ ಜಾರತೊಡಗಿದಾಗ ಕೈಯಲ್ಲಿನ ಕೌಂಟರನ್ನು ಟಿಕ್ ಟಿಕ್ ಒತ್ತುತ್ತಾರೆ.

ಒಂದು ಕಾಲಕ್ಕೆ ಇಲ್ಲಿ ಕೇಳುತ್ತಿದ್ದುದು ಕೋವಿಯ ಸದ್ದು. ಜೇನುಗಿಡುಗ ಹೊಡೆಯದ ಗಂಡಸಿನ ಹೆಂಡತಿ ದಾರಿ ತಪ್ಪುತ್ತಾಳೆಂಬ ನಂಬಿಕೆ ಅಲ್ಲಿತ್ತು! ಕಣಜದ ಗೂಡು ಕೆದಕಿ ಹುಳ ತಿನ್ನುವ ಬಡಪಾಯಿ ಹಕ್ಕಿಗೆ ಊರವರ ಸಂಸಾರದ ಉಸಾಬರಿಯೇಕೋ?

ಹದಿನೈದರ ಹರೆಯದಲ್ಲೇ ಈ ಬೇಟೆಯ ವಿರುದ್ಧ ನಿಂತವರು ಅನ್ನಾ ಜೊರ್ದಾನೊ. ಸಿಟ್ಟಿಗೆದ್ದವರು ಅವರ ಕಾರಿಗೇ ಬೆಂಕಿಯಿಟ್ಟರು. ಅವರು ಜಗ್ಗಲಿಲ್ಲ, 1998ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯೂ ಬಂತು.

ಗುಂಡಿನ ಸದ್ದು ಈಗ ಬಹಳ ಇಳಿದಿದೆ. ಹಕ್ಕಿಗಳ ಲೆಕ್ಕ ವರ್ಷವರ್ಷವೂ ಪಟ್ಟಿಯಾಗುತ್ತದೆ. ಗಂಡಂದಿರದ್ದನ್ನು ಮಾತ್ರ ಯಾರೂ ಬರೆದಿಟ್ಟಂತಿಲ್ಲ.